ಬಸುರಿ ಮೋಲಿಗೆ ಗ್ರಹಣದ ಕಂಬಳಿ

ಲೋಟದ ನೀರನ್ನು ಮೂಸಿ ನೋಡಿ ಕುಡಿಯುವ ಚಟ ನನಗಿದೆ. ಹಾಸ್ಟೆಲಿನ ಊಟದ ಕೋಣೆಯಲ್ಲಿ ಇದನ್ನು ಮೊದಲ ಸಲ ಕಂಡ ರೂಂಮೇಟು, "ಏನೇ, ನಾನೇನು ವಿಷ ಹಾಕಿದೀನಾ?" ಎಂದು ಕೇಳಿದಳು. "ಬ್ಲೀಚಿಂಗ್ ಪೌಡರ್ ಜಾಸ್ತಿ ಇದೆ ಇವತ್ತು," ಅಂದೆ. "ಇದ್ರೆ?" ಅಂದಳು. ಮನುಷ್ಯರು ಆ ನೀರು ಕುಡಿದು ಚೆನ್ನಾಗಿಯೇ ಇದ್ದಾರೆ. ನಾನು ಮೂಸುವುದು ಮೀನುಗಳ ಪರವಾಗಿ. ಹಾಸ್ಟೆಲಿನಲ್ಲಿ ಮೀನುಗಳಿಲ್ಲ ಎಂಬ ಸಂಗತಿ ನನ್ನ ಮೂಗಿಗೆ ಇನ್ನೂ ತಿಳಿದಿಲ್ಲ, ಅಷ್ಟೆ.

ಇಂಥ ಬುಡವಿಲ್ಲದ ಅಭ್ಯಾಸಗಳನ್ನು ಬೇರೆಯವರಲ್ಲಿ ಕಂಡರೆ ನನಗೆ ಆಗುವುದಿಲ್ಲ ಎಂಬುದನ್ನೂ ಈಗಲೇ ಹೇಳಿಬಿಡುತ್ತೇನೆ. ಬೆಕ್ಕು ಅಡ್ಡ ಬಂತೆಂದು ರಸ್ತೆಯಲ್ಲಿ ನಿಂತವರ ಜೊತೆ ವಾದಕ್ಕಿಳಿದು, ಅವರಿಗೆ ಬೆಕ್ಕು ಮಾಡಿದ್ದಕ್ಕಿಂತ ಹೆಚ್ಚು ತಡ ಮಾಡಿಸಿದವಳು ನಾನು. ಜಯನಗರದ ಕಾಲೇಜಿನಲ್ಲಿ ಓದುವಾಗ ಚರ್ಚಾಸ್ಪರ್ಧೆಯೆಂದರೆ ನನಗೆ ಹಬ್ಬ. ಪರ ಎಂದರೆ ಪರ, ವಿರೋಧ ಎಂದರೆ ವಿರೋಧ. ಎರಡಕ್ಕೂ ಬೇಕಾದ ಕೋಪ ನನ್ನಲ್ಲಿ ಸದಾ ಸಿದ್ಧವಿರುತ್ತಿತ್ತು. ಮನೆಯಲ್ಲಿ ಕಾಫಿಗೆ ಸಕ್ಕರೆ ಸಾಲದು ಎನ್ನಬೇಕಾದರೂ ಬೆರಳು ಮಡಚಿ ಮೂರು ಕಾರಣ ಕೊಡುತ್ತಿದ್ದೆ. ಮೊದಲ ಬೆರಳಿಗೇ ಅಪ್ಪ ಪೇಪರು ಎತ್ತಿ ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು. ಅಮ್ಮ ಮಾತ್ರ ಮೂರನ್ನೂ ಕೇಳಿ, ಆಮೇಲೆ ಸಕ್ಕರೆ ಡಬ್ಬ ಮುಂದೆ ಇಡುತ್ತಿದ್ದಳು. ಇದರಿಂದ ನನಗೆ ಗೆದ್ದ ಸಂತೋಷ ಯಾವತ್ತೂ ಸಿಗಲಿಲ್ಲ.

ಆಗ ನಾವಿದ್ದದ್ದು ಬನಶಂಕರಿ ಎರಡನೇ ಹಂತದ ಒಂದು ಬಾಡಿಗೆ ಮನೆಯಲ್ಲಿ. ಮೀನಿನ ತೊಟ್ಟಿ ಆ ಮನೆಗೆ ಬಂದದ್ದು ಅಪ್ಪನ ಆಫೀಸಿನವರೊಬ್ಬರಿಗೆ ವರ್ಗವಾದ ಕಾರಣಕ್ಕೆ. ಕಬ್ಬಿಣದ ಪಟ್ಟಿಯ ಚೌಕಟ್ಟು, ಅಂಚಿಗೆಲ್ಲ ಪುಟ್ಟಿ ಮೆತ್ತಿದ ದಪ್ಪ ಗಾಜು, ಒಳಗೆ ಗಾಬರಿಯಾದ ಏಳೆಂಟು ಮೀನು. ಅಪ್ಪ ಅದನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಬಂದಿಳಿದಾಗ ಅವರ ಪ್ಯಾಂಟು ಮೊಣಕಾಲಿನವರೆಗೆ ಒದ್ದೆಯಾಗಿತ್ತು. ಅಮ್ಮ ಬಾಗಿಲಲ್ಲೇ ತಡೆದಳು. "ಜೀವ ಇರೋದನ್ನ ಗಾಜಲ್ಲಿ ಕೂಡಿಹಾಕಿ ನೋಡೋದು ಏನು ಚಂದ? ವಾಪಸ್ ಕೊಟ್ಟು ಬನ್ನಿ." "ಅವರು ಹುಬ್ಬಳ್ಳಿ ಬಸ್ ಹತ್ತಿ ಆಯ್ತಲ್ಲೇ," ಅಂದರು ಅಪ್ಪ. ವಾಪಸ್ ಕೊಡುವವರೆಗೆ ಹಾಲಿನ ಮೂಲೆಯಲ್ಲಿ ಇರಲಿ ಎಂದಾಯಿತು. ಎರಡು ವಾರದ ಹೊತ್ತಿಗೆ ಅಮ್ಮ ಮಧ್ಯಾಹ್ನದ ನಿದ್ದೆ ಬಿಟ್ಟು, ಅಕ್ಕಿ ಆರಿಸುವ ಮೊರವನ್ನು ತೊಟ್ಟಿಯ ಮುಂದೆ ತಂದಿಟ್ಟುಕೊಂಡು ಕೂರತೊಡಗಿದ್ದಳು. ಅನ್ನದಲ್ಲಿ ಕಲ್ಲು ಸಿಗತೊಡಗಿದ್ದೂ ಆಗಿನಿಂದಲೇ.

ಅಮ್ಮನಿಗೆ ಪ್ರೀತಿ ಬಂದರೆ ಅವಳು ಮೊದಲು ಮಾಡುವ ಕೆಲಸ ತೊಳೆಯುವುದು. ಒಂದು ಶುಕ್ರವಾರ ನಾವೆಲ್ಲ ಹೊರಗೆ ಹೋಗಿದ್ದಾಗ ಮೀನುಗಳನ್ನು ಸ್ಟೀಲ್ ಪಾತ್ರೆಗೆ ಎತ್ತಿಟ್ಟು, ಹಳೆಯ ನೀರನ್ನೆಲ್ಲ ಚೆಲ್ಲಿ, ತಳದ ಮರಳನ್ನು ಅಕ್ಕಿಯ ಹಾಗೆ ನೀರು ತಿಳಿಯಾಗುವವರೆಗೆ ತೊಳೆದು, ಗಾಜನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ನಲ್ಲಿಯ ಹೊಸ ನೀರನ್ನು ಅಂಚಿನವರೆಗೆ ತುಂಬಿದಳು. ಮುಂದೆ ಪುಟ್ಟದೊಂದು ರಂಗೋಲಿ. ಗಾಜಿಗೆ ಅರಿಶಿನ, ಕುಂಕುಮ. ಸಂಜೆ ನಾನು ಬಂದಾಗ ತೊಟ್ಟಿ ದೇವರ ಮನೆಯ ಹಾಗೆ ಹೊಳೆಯುತ್ತಿತ್ತು, ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ಬೆಳಗಾಗುವಷ್ಟರಲ್ಲಿ ಮೋಲಿ ಎಂಬ ಜಾತಿಯ ಒಂದು ಕಪ್ಪು ಮೀನಿನ ಹೊರತು ಯಾವುದೂ ಉಳಿಯಲಿಲ್ಲ.

ಅಮ್ಮ ಆ ದಿನ ಅಡಿಗೆ ಮಾಡಿದಳು, ಬಡಿಸಿದಳು, ಊಟಕ್ಕೆ ಕೂರಲಿಲ್ಲ. ಅಪ್ಪ ಅಕ್ವೇರಿಯಂ ಅಂಗಡಿಗೆ ಹೋಗಿ ವಿಚಾರಿಸಿಕೊಂಡು ಬಂದರು. ನಲ್ಲಿ ನೀರನ್ನು ಒಂದು ದಿನ ತೆರೆದಿಟ್ಟು ವಾಸನೆ ಹೋದ ಮೇಲೆಯೇ ಹಾಕಬೇಕು, ಹಾಕುವಾಗಲೂ ವಾರಕ್ಕೊಮ್ಮೆ ಕಾಲು ಭಾಗ ತೆಗೆದು ಕಾಲು ಭಾಗ ತುಂಬಬೇಕು, ಪೂರ್ತಿ ಚೆಲ್ಲಲೇಬಾರದು. ಏಕೆ ಎಂದು ಅಂಗಡಿಯವನು ಹೇಳಿದ್ದು ಅಪ್ಪನಿಗೆ ನೆನಪಿರಲಿಲ್ಲ. ಅಮ್ಮ, "ಹೆಪ್ಪು ಇದ್ದ ಹಾಗೆ," ಅಂದಳು. ಹಳೆಯ ನೀರು ಹೆಪ್ಪು. ಅದನ್ನು ಪೂರ್ತಿ ತೊಳೆದು ಹಾಕಿದರೆ ಹೊಸದು ಹೆಪ್ಪುಗಟ್ಟುವುದು ಹೇಗೆ? ನಾನು ಆಗ ವಿಜ್ಞಾನದ ವಿದ್ಯಾರ್ಥಿನಿ. ಇದಕ್ಕೆ ಎರಡು ಆಕ್ಷೇಪಣೆ ಎತ್ತಿದ್ದೆ. ಈಗ ಆ ಆಕ್ಷೇಪಣೆಗಳು ಮರೆತುಹೋಗಿವೆ, ಹೆಪ್ಪು ಮಾತ್ರ ನೆನಪಿದೆ.

ಗಿಡದ ಕತೆಯೂ ಹೀಗೇ. ಅಂಗಡಿಯಿಂದ ತಂದ ನೀರುಗಿಡಗಳು ನಮ್ಮಲ್ಲಿ ವಾರಕ್ಕೆಲ್ಲ ಕೊಳೆತು ಸಾರಿನ ಸೊಪ್ಪಿನಂತಾಗುತ್ತಿದ್ದವು. ಇದನ್ನು ನೋಡಲಾರದೆ ಗಿಡ ತಂದುಕೊಟ್ಟವರು ನಮ್ಮ ಮನೆಯ ಓನರ್ ಹೊನ್ನಮ್ಮ. ಅವರದು ಚಿಕ್ಕಲಸಂದ್ರದ ಕಡೆಯ ಹಳೆಯ ಬೇಸಾಯದ ಮನೆತನ. ಜಮೀನು ಸೈಟುಗಳಾದ ಮೇಲೆ ಈ ಕಡೆ ಎರಡು ಮನೆ ಕಟ್ಟಿಸಿ, ಒಂದರಲ್ಲಿ ತಾವಿದ್ದು ಒಂದನ್ನು ನಮಗೆ ಕೊಟ್ಟಿದ್ದರು. ತೊಟ್ಟಿ ಬಂದ ಹೊಸದರಲ್ಲಿ ಬಂದು ನೋಡಿ, "ಸಾಕೋದೇನೋ ಸರಿ ಕಣಮ್ಮಾ. ಸಾರು ಯಾವತ್ತು?" ಎಂದು ಕೇಳಿ ಅಮ್ಮನನ್ನು ಕಂಗಾಲು ಮಾಡಿದ್ದರು. ಹುಳಿ ತಿನ್ನುವ ಜನ ಮೀನು ಸಾಕುವುದು ಅವರಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಆದರೂ ಒಂದು ದಿನ ಊರಿಗೆ ಹೋಗಿದ್ದವರು, ಕೆರೆಯ ಅಂಚಿನಿಂದ ಒಂದು ಬುಟ್ಟಿ ಗಿಡ ಕಿತ್ತು, ಮೇಲೆ ಒದ್ದೆ ಗೋಣಿ ಹೊದಿಸಿಕೊಂಡು ತಂದರು. ರಿಬ್ಬನ್ನಿನಂಥ ಉದ್ದ ಹುಲ್ಲು ಒಂದು ಬಗೆ, ಬೆಕ್ಕಿನ ಬಾಲದಂಥ ಪೊದೆ ಇನ್ನೊಂದು. ಅಮ್ಮ ಅವನ್ನು ಉಪ್ಪುನೀರಲ್ಲಿ ಅದ್ದಿ ಬಸವನಹುಳು ತೆಗೆದು, ಹೂ ಕಟ್ಟುವ ಗಂಟಿನಲ್ಲಿಯೇ ಒಂದೊಂದು ಕಡ್ಡಿಯನ್ನೂ ಬೆಣಚುಕಲ್ಲಿಗೆ ಕಟ್ಟಿ ಮರಳಿನಲ್ಲಿ ನೆಟ್ಟಳು. ಒಂದೇ ತಿಂಗಳಿಗೆ ತೊಟ್ಟಿಯ ಅರ್ಧ ಹಸಿರಾಯಿತು. ಬೆಳಗಿನ ಬಿಸಿಲು ಕಿಟಕಿಯಿಂದ ಬಿದ್ದಾಗ ಎಲೆಗಳ ಮೇಲೆಲ್ಲ ಸಾಬೂದಾನಿಯಂಥ ಗುಳ್ಳೆ ಮೂಡಿ, ಒಂದೊಂದಾಗಿ ಬಿಟ್ಟುಕೊಂಡು ಮೇಲೇರುತ್ತಿದ್ದವು. ಅದನ್ನು ನೋಡುತ್ತಾ ನಾನು ಎಷ್ಟೋ ಸಲ ಕಾಲೇಜಿನ ಬಸ್ಸು ತಪ್ಪಿಸಿಕೊಂಡಿದ್ದೇನೆ. ಬಸ್ಸೇ ಬರಲಿಲ್ಲ ಎಂದು ಸಮರ್ಥವಾಗಿ ವಾದಿಸಿಯೂ ಇದ್ದೇನೆ.

ಬದುಕಿ ಉಳಿದಿದ್ದ ಮೋಲಿ ಹೆಣ್ಣು. ಅಪ್ಪ ಅದಕ್ಕೊಂದು ಗಂಡು ತಂದರು. ಮೋಲಿಗಳು ಮೊಟ್ಟೆ ಇಡುವುದಿಲ್ಲ. ನೇರವಾಗಿ ಮರಿಯನ್ನೇ ಹಾಕುತ್ತವೆ. ಹಾಕಿದ ಮೇಲೆ ಹಸಿವಾದರೆ ಅವನ್ನೇ ತಿನ್ನುತ್ತವೆ. ಮೊದಲ ಸಲದ ಮರಿಗಳೆಲ್ಲ ಹಾಗೇ ಹೋದವು. ಅಮ್ಮ ನೋಡನೋಡುತ್ತ ಕೊನೆಯದೂ ಹೋಯಿತು. "ಹೆತ್ತವಳೇ ಹೀಗೆ ಮಾಡಿದ್ರೆ," ಎಂದು ಮೋಲಿಯ ಜೊತೆ ಎರಡು ದಿನ ಮಾತು ಬಿಟ್ಟಿದ್ದಳು. ಎರಡನೆಯ ಸಲ ಹೊಟ್ಟೆ ಉಬ್ಬಿದಾಗ ಮರಿಗಳು ಅಡಗಿಕೊಳ್ಳಲಿ ಎಂದು ಹೊನ್ನಮ್ಮನಿಂದ ಇನ್ನಷ್ಟು ಪೊದೆ ತರಿಸಿ ಒಂದು ಮೂಲೆಯನ್ನು ಕಾಡು ಮಾಡಿದಳು. ಬೇಯಿಸಿದ ಸೊಪ್ಪಿನ ಚೂರು ದಿನಾ ಹಾಕಿದಳು. ಈ ಸಲದ್ದು ಉಳಿಯಬೇಕು ಎಂದು ಅವಳು ಯಾರಿಗೂ ಹೇಳಲಿಲ್ಲ. ಆದರೆ ಬೆಳಗ್ಗೆ ಎದ್ದವಳು ಹಾಲಿಡುವ ಮೊದಲು ತೊಟ್ಟಿಯ ಮುಂದೆ ಬಗ್ಗಿ ನೋಡಿಯೇ ಮುಂದೆ ಹೋಗುತ್ತಿದ್ದಳು.

ಸರಿಯಾಗಿ ಆ ಹೊತ್ತಿಗೆ ಸೂರ್ಯಗ್ರಹಣ ಬಂತು, ಗ್ರಹಣದ ಹಿಂದಿನ ದಿನ ಜೆ.ಪಿ. ನಗರದ ಚಿಕ್ಕಪ್ಪನ ಮನೆಯಿಂದ ಅಜ್ಜಿ ಬಂದಳು.

ಅಜ್ಜಿ ಅಂದರೆ ಅಪ್ಪನ ಅಮ್ಮ. ನನ್ನ ವಾದದ ಬುದ್ಧಿ ಯಾರಿಂದ ಬಂತೆಂದು ಮನೆಯಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅಜ್ಜಿ ಶಾಲೆಗೆ ಹೋದವಳಲ್ಲ. ಸಭಾಕಂಪನವಂತೂ ಇರಲೇ ಇಲ್ಲ. ನಾನು ಬೆರಳು ಮಡಚಲು ಶುರುಮಾಡಿದರೆ, "ಕೈ ಕೆಳಗಿಳಿಸಿ ವಿಷಯ ಹೇಳು," ಅನ್ನುತ್ತಿದ್ದಳು. ಅಷ್ಟಕ್ಕೇ ನನ್ನ ಎರಡನೆಯ ಕಾರಣ ಮರೆತುಹೋಗುತ್ತಿತ್ತು.

ಗ್ರಹಣ ಮಧ್ಯಾಹ್ನದ್ದು. ನಾನು ಬೆಳಗ್ಗೆಯೇ ಘೋಷಿಸಿದೆ: ಉಪವಾಸ ಮಾಡುವುದಿಲ್ಲ, ಒಳಗೆ ಕೂರುವುದಿಲ್ಲ, ಗ್ರಹಣ ಬಿಟ್ಟ ಮೇಲೆ ಸ್ನಾನವನ್ನಂತೂ ಮಾಡುವುದಿಲ್ಲ. ಅಜ್ಜಿ ತುಪ್ಪ, ಉಪ್ಪಿನಕಾಯಿ, ಹಪ್ಪಳದ ಡಬ್ಬಗಳಿಗೆಲ್ಲ ದರ್ಭೆ ಹಾಕುತ್ತ, "ಬಲವಂತ ಯಾರು ಮಾಡಿದ್ರು?" ಅಂದಳು. ಎದುರಾಳಿಯೇ ಇಲ್ಲದ ವೇದಿಕೆಯ ಮೇಲೆ ನಿಂತ ಹಾಗಾಯಿತು ನನಗೆ. ಆಮೇಲೆ ಅವಳ ಕಣ್ಣು ತೊಟ್ಟಿಯ ಕಡೆ ಹೋಯಿತು.

"ಇದೇನೇ, ಈ ಕರೀದು ಬಸುರಿಯಾ?"

"ಹೌದು ಅತ್ತೆ, ಇವತ್ತೋ ನಾಳೆಯೋ," ಅಂದಳು ಅಮ್ಮ.

"ಮತ್ತೆ ಹೀಗೇ ಬಿಟ್ಟಿದೀಯಲ್ಲ? ಏನಾದ್ರೂ ಮುಚ್ಚು."

ಬಸುರಿಯರ ಮೇಲೆ ಗ್ರಹಣದ ಬೆಳಕು ಬೀಳಬಾರದು ಎಂಬ ನಂಬಿಕೆ ನನಗೆ ಗೊತ್ತಿತ್ತು. ಅದು ಮೀನಿಗೂ ಅನ್ವಯಿಸುತ್ತದೆಂದು ಗೊತ್ತಿರಲಿಲ್ಲ.

"ಅಜ್ಜಿ, ಮೀನಿಗೆ ಜಾತಕ ಇಲ್ಲ," ಅಂದೆ.

"ಬಸುರು ಇದೆಯಲ್ಲ."

"ತೊಟ್ಟಿ ಇರೋದು ಹಾಲಿನ ಮೂಲೇಲಿ. ಮಧ್ಯಾಹ್ನ ಅಲ್ಲಿಂದ ಸೂರ್ಯ ಕಾಣೋದೇ ಇಲ್ಲ."

"ಕಾಣೋದೇ ಇಲ್ಲ ಅಂದ್ಮೇಲೆ ಮುಚ್ಚಿದ್ರೆ ನಿಂಗೇನು ನಷ್ಟ?"

ನಷ್ಟ ಏನೆಂದು ನಾನು ಹುಡುಕುತ್ತಿರುವಾಗಲೇ ಅಜ್ಜಿಯ ಕಂಬಳಿ ತೊಟ್ಟಿಯ ಮೇಲೆ ಬಂತು. ಉಣ್ಣೆಗೆ ಮೈಲಿಗೆ ಇಲ್ಲವಂತೆ.

ಮಧ್ಯಾಹ್ನ ನಮ್ಮ ಬೀದಿ ಕರ್ಫ್ಯೂ ಹಾಕಿದ ಹಾಗಿತ್ತು. ಕಿಟಕಿಗಳೆಲ್ಲ ಮುಚ್ಚಿದ್ದವು, ನಾಯಿಗಳು ಮಾತ್ರ ಹೊರಗಿದ್ದವು. ನಾನೊಬ್ಬಳೇ ತಾರಸಿ ಹತ್ತಿ, ರಟ್ಟಿಗೆ ಸೂಜಿಯಲ್ಲಿ ತೂತು ಮಾಡಿ, ಕಚ್ಚಿದ ಸೂರ್ಯನನ್ನು ಗೋಡೆಯ ಮೇಲೆ ಬೀಳಿಸಿ ನೋಡಿದೆ. ಕೆಳಗೆ ಹೊಂಗೆ ಮರದ ನೆರಳಿನ ತುಂಬ ಕುಡುಗೋಲಿನಾಕಾರದ ಬೆಳಕಿನ ಚೂರುಗಳು. ಬೇಕೆಂದೇ ತಂದಿಟ್ಟುಕೊಂಡಿದ್ದ ಬಿಸ್ಕತ್ತನ್ನು ಬೇಕೆಂದೇ ತಿಂದೆ. ನೋಡುವವರಿಲ್ಲದ ಕಡೆ ನಿಂತು ಮೂಢನಂಬಿಕೆ ಮುರಿದರೆ ಬಿಸ್ಕತ್ತಿಗೆ ರುಚಿಯೇ ಇರುವುದಿಲ್ಲ ಎಂದು ಆಗ ತಿಳಿಯಿತು.

ಗ್ರಹಣ ಬಿಟ್ಟಿತು. ಕೆಳಗಿಳಿದು ಬರುವಷ್ಟರಲ್ಲಿ ಬೀದಿಯ ಎಲ್ಲ ಮನೆಗಳಿಂದಲೂ ನೀರು ಚೆಲ್ಲುವ ಸದ್ದು. ಗ್ರಹಣದ ಹೊತ್ತಿನಲ್ಲಿ ಮನೆಯಲ್ಲಿದ್ದ ನೀರನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಹಂಡೆ, ಬಿಂದಿಗೆ, ಕೊಳದಪ್ಪಲೆ ಎಲ್ಲ ಬರಿದು ಮಾಡಿ, ಸ್ನಾನ ಮುಗಿಸಿ, ಹೊಸ ನೀರು ತುಂಬಿದ ಮೇಲೆಯೇ ಒಲೆ. ಅಜ್ಜಿಯದು, ಅಮ್ಮನದು, ಅಪ್ಪನದು ಸ್ನಾನ ಆಗಿತ್ತು. ಅಮ್ಮ ತಲೆಗೆ ಟವೆಲ್ ಸುತ್ತಿಕೊಂಡು ತೊಟ್ಟಿಯ ಕಂಬಳಿ ಸರಿಸಿದವಳು, ಅಲ್ಲೇ ಕೂತುಬಿಟ್ಟಳು.

"ಸುಮೀ, ಬಾರೇ ಇಲ್ಲಿ. ಮೆತ್ತಗೆ ಬಾ."

ಪೊದೆಯ ಕಾಡಿನೊಳಗೆ ಮರಿಗಳಿದ್ದವು. ಕಣ್ಣು ಮೂಡಿದ ಕಪ್ಪು ಜೀರಿಗೆ ಕಾಳುಗಳ ಹಾಗೆ, ಒಂದೊಂದು ಎಲೆಯ ಹಿಂದೆ ಒಂದೊಂದು. ಅಮ್ಮ ಎಣಿಸಲು ಹೋಗಿ ಎರಡು ಸಲ ತಪ್ಪಿದಳು. ಮೋಲಿ ಇನ್ನೊಂದು ಮೂಲೆಯಲ್ಲಿ, ಏನೂ ಗೊತ್ತಿಲ್ಲದವಳ ಹಾಗೆ ಈಜುತ್ತಿತ್ತು.

ಅಜ್ಜಿ ದೂರದಿಂದ ಬಗ್ಗಿ ನೋಡಿದಳು. "ಕಂಬಳಿ ಹೊದಿಸಿದ್ದಕ್ಕೆ ಸುಸೂತ್ರ ಆಯ್ತು."

"ಕತ್ತಲಾದ್ರೆ ಮೋಲಿಗಳು ಮರಿ ಹಾಕೋದು ಸಹಜ ಅಜ್ಜಿ."

"ಅದಕ್ಕೇ ಕತ್ತಲು ಮಾಡಿದ್ದು." ಇಷ್ಟು ಹೇಳಿ ಅಜ್ಜಿ ಅಡಿಗೆ ಮನೆಯ ಕಡೆ ತಿರುಗಿದಳು. "ಸರಿ, ಇನ್ನು ಆ ನೀರು ಚೆಲ್ಲಿ. ಒಲೆ ಹಚ್ಚಬೇಕು."

ಅಮ್ಮ ಅಲುಗಾಡಲಿಲ್ಲ. "ಅತ್ತೆ, ಮರಿಗಳಿವೆ," ಅಂದಳು.

"ಚೊಂಬಲ್ಲಿ ಎತ್ತಿಟ್ಕೊಳೇ. ಹೊಸ ನೀರು ತುಂಬಿ ಬಿಟ್ರಾಯ್ತು."

"ಹೊಸ ನೀರಲ್ಲಿ ಬದುಕಲ್ಲ ಅತ್ತೆ. ಒಂದ್ಸಲ ಹಾಗೆ ಮಾಡಿ..."

"ಗ್ರಹಣದ ನೀರು ಮನೇಲಿಟ್ಕೊಂಡು ನಾನು ಒಲೆ ಹಚ್ಚಲ್ಲಮ್ಮ. ನಿನ್ನೆ ರಾತ್ರಿ ಊಟ ಆದ್ಮೇಲೆ ಯಾರ ಹೊಟ್ಟೆಗೂ ಏನೂ ಬಿದ್ದಿಲ್ಲ."

ಅಜ್ಜಿಗೆ ಕೋಪವಿರಲಿಲ್ಲ. ಅದೇ ಕಷ್ಟ. ಅವಳು ತನ್ನ ಎಂಬತ್ತು ವರ್ಷದ ಹಸಿವನ್ನು ಹಿಡಿದುಕೊಂಡು ನಿಂತಿದ್ದಳು. ಅಮ್ಮ ತೊಟ್ಟಿಯ ಅಂಚು ಹಿಡಿದುಕೊಂಡು ಕೂತಿದ್ದಳು. ಅಮ್ಮ ಅಜ್ಜಿಗೆ ಎದುರಾಡಿದ್ದನ್ನು ನಾನು ನೋಡಿಯೇ ಇರಲಿಲ್ಲ. ಇನ್ನೊಂದು ಸಲ ಹೇಳಿಸಿಕೊಂಡರೆ ಅಳುತ್ತಲೇ ನೀರು ಚೆಲ್ಲುತ್ತಾಳೆಂದು ಖಚಿತವಾಗಿ ಗೊತ್ತಿತ್ತು.

ಭೂಮಿ, ಚಂದ್ರ, ಸೂರ್ಯ ಎಂದು ನನ್ನ ಮೂರು ಬೆರಳೂ ಸಿದ್ಧವಿದ್ದವು. ಆದರೆ ಗ್ರಹಣವೆಂದರೆ ಬರೀ ನೆರಳು ಎಂದು ಅಜ್ಜಿಯನ್ನು ಒಪ್ಪಿಸಲು ನನಗೆ ವರ್ಷಗಳು ಬೇಕು. ಮರಿಗಳಿಗೆ ಅಷ್ಟು ಪುರುಸೊತ್ತಿರಲಿಲ್ಲ. ಕೈ ಕೆಳಗಿಳಿಸಿದೆ.

"ಅಜ್ಜಿ, ಒಂದು ಮಾತು. ಈಗ ನಲ್ಲೀಲಿ ಹಿಡೀತಿದೀರಲ್ಲ, ಆ ನೀರು ಗ್ರಹಣದ ಹೊತ್ತಲ್ಲಿ ಎಲ್ಲಿತ್ತು?"

"ಎಲ್ಲಿತ್ತು?"

"ಎಲ್ಲೋ ದೊಡ್ಡ ಟ್ಯಾಂಕಲ್ಲಿ ನಿಂತಿತ್ತು. ಅದಕ್ಕೂ ಗ್ರಹಣ ಹಿಡೀತಲ್ಲ?"

"ಅದು ಕಾವೇರಿ ಕಣೇ. ನದಿಗೆ ಎಂಥ ಮೈಲಿಗೆ?"

"ಪೈಪೊಳಗಿದ್ರೂ ನದೀನಾ?"

"ಪೈಪೊಳಗಿದ್ರೂ ನದೀನೇ. ಬಿಂದಿಗೆಗೆ ಬಿದ್ಮೇಲೆ ಬಿಂದಿಗೆ ನೀರು."

"ಹಾಗಾದ್ರೆ ಕೆರೆಗೆ?"

"ನದಿ, ಕೆರೆ, ಬಾವಿ ಯಾವುದಕ್ಕೂ ಇಲ್ಲ."

"ಕೆರೆ ಅಂದ್ರೆ ಏನಜ್ಜಿ?"

"ಅದೇನು ಕೇಳ್ತೀಯೇ? ನೀರು ನಿಂತಿರತ್ತೆ."

"ಬಿಂದಿಗೇಲೂ ನಿಂತಿರತ್ತೆ."

"ಬಿಂದಿಗೇಲಿ ಮಣ್ಣಿರತ್ತೇನೇ? ಕೆರೇಲಿ ಕೆಳಗೆ ಮಣ್ಣಿರತ್ತೆ, ಗಿಡ ಬೆಳೆದಿರತ್ತೆ, ಮೀನು..." ಅಜ್ಜಿ ಅಲ್ಲಿಗೆ ನಿಂತಳು. ನನ್ನ ಮುಖ ನೋಡಿದಳು. ಪೇಪರಿನ ಹಿಂದಿನಿಂದ ಅಪ್ಪ ಕೆಮ್ಮಿದರು.

"ಹೇಳು, ಪೂರ್ತಿ ಹೇಳು," ಅಂದೆ.

"ಕೆರೇನ ಯಾರಾದ್ರೂ ಆಟೋದಲ್ಲಿ ತರ್ತಾರೇನೇ?" ಅಂದಳು ಅಜ್ಜಿ.

"ಗಾಜು ಆಟೋದಲ್ಲಿ ಬಂತು. ಕೆರೆ ಚಿಕ್ಕಲಸಂದ್ರದಿಂದ ಬಂತು." ಹಿತ್ತಲ ಬಾಗಿಲಿಗೆ ಓಡಿದೆ. ಹೊನ್ನಮ್ಮ ಆ ಕಡೆ ಅಂಗಳಕ್ಕೆ ನೀರು ಹೊಯ್ದು ಗುಡಿಸುತ್ತಿದ್ದರು. "ಹೊನ್ನಮ್ಮನೋರೇ, ನೀವು ತಂದ್ಕೊಟ್ಟ ಗಿಡ ಎಲ್ಲೀದು?"

"ನಮ್ಮೂರ್ ಕೆರೇದು. ಯಾಕವ್ವಾ, ಒಣಗೋಯ್ತಾ?"

"ಇಲ್ಲ, ಚೆನ್ನಾಗಿದೆ. ಗ್ರಹಣ ಬಿಟ್ಮೇಲೆ ನಿಮ್ಮೂರಲ್ಲಿ ಕೆರೆ ನೀರು ಚೆಲ್ತಿದ್ರಾ?"

ಹೊನ್ನಮ್ಮ ಪೊರಕೆ ಗೋಡೆಗೆ ಒರಗಿಸಿದರು. "ಕೆರೆ ನೀರ್ ಚೆಲ್ಬೇಕು ಅಂದ್ರೆ ಕಟ್ಟೆ ಒಡೀಬೇಕು ಕಣವ್ವಾ. ಊರೋರು ಸುಮ್ಕಿರ್ತಾರಾ? ಅದ್ನ್ಯಾರು ಚೆಲ್ತಾರೆ. ನಾವೇ ಹೋಗಿ ಅದ್ರಲ್ಲಿ ಮುಳುಗೆದ್ದು ಬರ್ತಿದ್ವಿ."

ಸಾಕ್ಷಿ ಒಂದು ವಾಕ್ಯ ಹೆಚ್ಚು ಹೇಳಿದರೆ ಏನಾಗುತ್ತದೆಂದು ಈಗ ಕಾನೂನು ಕಾಲೇಜಿನಲ್ಲಿ ನಮಗೆ ಪಾಠ ಮಾಡುತ್ತಾರೆ. ನನಗೆ ಆ ಪಾಠ ಅಂದೇ ಆಗಿತ್ತು. ತಿರುಗಿ ನೋಡಿದರೆ ಅಜ್ಜಿ ನನ್ನ ಬೆನ್ನ ಹಿಂದೆಯೇ ನಿಂತಿದ್ದಳು.

"ಕೇಳಿಸ್ಕೊಂಡ್ಯಾ? ಮುಳುಗೆದ್ದು ಬರ್ತಿದ್ರಂತೆ." ಅವಳ ದನಿಯಲ್ಲಿ ಎಳ್ಳಷ್ಟೂ ಆತುರವಿರಲಿಲ್ಲ. "ಆಯ್ತು, ಕೆರೆ ಅಂತ್ಲೇ ಒಪ್ಕೊಂಡೆ. ಚೆಲ್ಲೋದು ಬೇಡ. ಆದ್ರೆ ಕೆರೆ ಅಂದ್ಮೇಲೆ ಕೆರೆ ಥರ ನಡ್ಕೋಬೇಕು. ಗ್ರಹಣದ ಸ್ನಾನ ಅದ್ರಲ್ಲಿ ಒಬ್ರಾದ್ರೂ ಮಾಡ್ಬೇಕು. ಈ ಮನೇಲಿ ಇನ್ನೂ ಸ್ನಾನ ಆಗ್ದೇ ಇರೋರು ಯಾರು?"

"ನಂ ಸ್ನಾನ ಆಗಿದೆಯಪ್ಪ," ಅಂದರು ಅಪ್ಪ, ಪೇಪರು ಇಳಿಸದೆ.

ಬೆಳಗ್ಗೆ ಹಾಲಿನ ಮಧ್ಯೆ ನಿಂತು ಮಾಡಿದ ಘೋಷಣೆ ಎಲ್ಲರಿಗೂ ನೆನಪಿತ್ತು. ತತ್ವ ಎಂಬುದೊಂದಿದೆಯಲ್ಲ? ಸ್ನಾನ ಮಾಡಿದರೆ ತೊಟ್ಟಿ ಕೆರೆಯಾಗುತ್ತದೆ, ನಾನು ಗ್ರಹಣ ಒಪ್ಪಿದವಳಾಗುತ್ತೇನೆ. ಮಾಡದಿದ್ದರೆ ತೊಟ್ಟಿ ಬಿಂದಿಗೆಯಾಗುತ್ತದೆ. ಇಷ್ಟು ಅಚ್ಚುಕಟ್ಟಾಗಿ ಯಾವ ಕಾಲೇಜಿನವರೂ ನನ್ನನ್ನು ಕಟ್ಟಿಹಾಕಿರಲಿಲ್ಲ.

"ನಿಂಗೆ ಇಷ್ಟ ಇಲ್ದಿದ್ರೆ ಬೇಡ ಬಿಡೇ ಸುಮಿ," ಅಂದಳು ಅಮ್ಮ. ಅವಳ ಕೈ ಇನ್ನೂ ತೊಟ್ಟಿಯ ಅಂಚಿನ ಮೇಲೇ ಇತ್ತು.

"ರಬ್ಬರ್ ಪೈಪ್ ಎಲ್ಲಿದೆ?" ಅಂದೆ.

ವಾರದ ಕಾಲು ಭಾಗದ ನೀರು ಹೇಗೂ ತೆಗೆಯಬೇಕಿತ್ತು. ಅಮ್ಮ ಪೈಪಿನ ಒಂದು ತುದಿ ತೊಟ್ಟಿಗೆ ಇಳಿಬಿಟ್ಟು, ಇನ್ನೊಂದನ್ನು ಬಾಯಲ್ಲಿ ಎಳೆದು ಬಕೆಟ್ಟಿಗೆ ಬಿಟ್ಟಳು. ಮರಿ ಬಾರದಿರಲಿ ಎಂದು ಪೈಪಿನ ಬಾಯಿಗೆ ತೆಳುಬಟ್ಟೆ ಕಟ್ಟಬೇಕೆಂಬುದು ಆ ಗಡಿಬಿಡಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ಹಿತ್ತಲಲ್ಲಿ ಒಗೆಯುವ ಕಲ್ಲಿನ ಪಕ್ಕ ಹಳೆಯ ಲಂಗ ತೊಟ್ಟು ಕೂತೆ. ನನ್ನ ಮೇಲೆ ನಂಬಿಕೆಯಿಲ್ಲದ ಅಜ್ಜಿ ತಾನೇ ಚೊಂಬು ಹಿಡಿದು, ಮಡಿಗೆ ಹನಿ ತಾಗದಷ್ಟು ದೂರದಲ್ಲಿ ನಿಂತು, ಕೈ ಚಾಚಿ ಮೊದಲ ಚೊಂಬು ಸುರಿದಳು. ಪಾಚಿಯ, ಮೀನಿನ, ಬೇಯಿಸಿದ ಸೊಪ್ಪಿನ ವಾಸನೆ ಒಟ್ಟಿಗೆ ಕಿವಿಯ ಹಿಂದಿನಿಂದ ಇಳಿಯಿತು. ಗೋಡೆಯ ಆಚೆಯಿಂದ ಹೊನ್ನಮ್ಮ, "ಅಯ್ಯೋ, ಮಗೀಗೆ ಏನಾಯ್ತು?" ಅಂದರು.

ಎರಡನೆಯ ಚೊಂಬು ಬರಲೇ ಇಲ್ಲ.

"ಸುರಿ ಅಜ್ಜಿ, ಚಳಿ ಆಗ್ತಿದೆ."

"ಸುಮ್ನಿರು."

ಕಣ್ಣು ಬಿಟ್ಟೆ. ಅಜ್ಜಿ ಚೊಂಬನ್ನು ಸಂಜೆಯ ಬಿಸಿಲಿಗೆ ಓರೆ ಮಾಡಿ ಹಿಡಿದು, ಒಳಗೆ ಇಣುಕುತ್ತಿದ್ದಳು. ಹಿತ್ತಾಳೆಯ ಮೇಲೆ ಕಪ್ಪಗೆ ಏನೋ ಮಿಸುಕಿತು.

"ಇದ್ರಲ್ಲಿ ಒಬ್ಬ ಇದಾನೆ ಕಣೇ," ಅಂದಳು.

ಆಮೇಲೆ ಅಜ್ಜಿ ಮಾಡಿದ್ದನ್ನು ನಾನಾಗಲಿ ಅಮ್ಮನಾಗಲಿ ನಿರೀಕ್ಷಿಸಿರಲಿಲ್ಲ. ಚೊಂಬನ್ನು ಎದೆಗೆ ಒತ್ತಿಕೊಂಡಳು. ನೀರು ತುಳುಕಿ ಮಡಿ ಸೀರೆ ನೆನೆಯಿತು. ಹಾಲಿಗೆ ನಡೆದು, ಅಂಗೈಯನ್ನು ಚೊಂಬಿನೊಳಗೆ ಇಳಿಸಿ, ಮರಿಯನ್ನು ನೀರಿನ ಸಮೇತ ಎತ್ತಿ, ಮಣಿಕಟ್ಟಿನವರೆಗೂ ತೊಟ್ಟಿಯಲ್ಲಿ ಕೈ ಮುಳುಗಿಸಿ ಹಿಡಿದಳು. ಮರಿ ಸ್ವಲ್ಪ ಹೊತ್ತು ಅವಳ ಬೆರಳ ಸಂದಿನಲ್ಲೇ ಇತ್ತು. ಕೆರೆಯ ಗಿಡದ ಎಲೆಯೊಂದು ಅವಳ ಬಳೆಗೆ ತಾಗಿ ಅಲ್ಲಾಡಿತು. ಆಮೇಲೆ ಮರಿ ಪೊದೆಯ ಕಡೆ ಹೋಯಿತು.

ಅಜ್ಜಿ ಕೈ ಹೊರಗೆ ತೆಗೆದು ನೋಡಿಕೊಂಡಳು. ಮಡಿ ಹೋಗಿತ್ತು. "ಅಕ್ಕಿ ತೊಳೀ," ಎಂದು ಅಮ್ಮನಿಗೆ ಹೇಳಿ ಮತ್ತೆ ಬಚ್ಚಲುಮನೆಗೆ ಹೋದಳು. ಬಾಗಿಲು ಮುಚ್ಚಿತು. ಒಳಗಿನಿಂದ ನೀರಿನ ಸದ್ದಿನ ನಡುವೆ ಅವಳ ದನಿ ಬಂತು.

"ಲೇ ಸುಮೀ, ಆ ಬಕೆಟ್ಟಲ್ಲಿರೋ ನೀರನ್ನ ಸೋಸಿ ನೋಡು. ಒಬ್ಬನೇ ಬಂದಿರೋದಿಲ್ಲ."

ತಲೆಯಿಂದ ನೀರು ಸುರಿಸಿಕೊಂಡು, ಟೀ ಸೋಸುವ ಜರಡಿ ಹಿಡಿದು ನಾನು ಹಿತ್ತಲಲ್ಲಿ ಕೂತೆ. ಅಮ್ಮ ಅಕ್ಕಿಯ ಪಾತ್ರೆಯನ್ನು ಅಲ್ಲಿಗೇ ತಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಇನ್ನೂ ಇಬ್ಬರು ಸಿಕ್ಕರು.